ಡಿವೈಡಿಂಗ್ ಮೆಸ್ ಉಳಿಸಿಕೊಳ್ಳಬೇಕಾ, ಕಂಟ್ರಾಕ್ಟ್‌ಗೆ ಬಿಡಬೇಕಾ? ಹಾಸನದ ಹಾಸ್ಟೆಲ್‌ನವರು, ಹಳಬರು ಸ್ವಲ್ಪ ಹೇಳಿ

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಪಿಜಿ ಕೋರ್ಸ್ ಓದ್ತಿದ್ದೀನಿ, ಹಾಸ್ಟೆಲ್ ವಾಸ. ಯಾವ ಹಾಸ್ಟೆಲ್ ಅಂತ ಕೇಳಬೇಡಿ. ನಮ್ಮದು ಮೊದಲಿಂದಲೂ ಡಿವೈಡಿಂಗ್ ಮೆಸ್. ಸಾಮಾನು ನಾವೇ ತರ್ತೀವಿ, ಲೆಕ್ಕ ನಾವೇ ಬರೀತೀವಿ, ತಿಂಗಳ ಕೊನೆಗೆ ಎಷ್ಟು ಖರ್ಚಾಗಿದೆಯೋ ಅಷ್ಟನ್ನ ಹಂಚಿಕೊಳ್ತೀವಿ. ಈಗ ಆಫೀಸಿನವರು ಮುಂದಿನ ಸೆಮಿಸ್ಟರ್‌ನಿಂದ ಕಂಟ್ರಾಕ್ಟರ್‌ಗೆ ಕೊಟ್ಟುಬಿಡೋಣ ಅಂತಿದ್ದಾರೆ. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ಮುಗೀತು, ಬೆಳಗ್ಗೆ ಎದ್ದು ಮಾರ್ಕೆಟ್‌ಗೆ ಓಡೋ ಗೋಳಿಲ್ಲ. ಅರ್ಧ ಹುಡುಗರಿಗೆ ಅದೇ ಇಷ್ಟ.

ಇದರ ಜೊತೆಗೆ ಇನ್ನೊಂದು ತಕರಾರೂ ಸೇರಿಕೊಂಡಿದೆ. ಮೆಸ್ ಹೋದರೆ ಹಾಸ್ಟೆಲ್ ಸಂಪ್ರದಾಯವೇ ಹೋಗುತ್ತೆ ಅಂತ ಸೀನಿಯರ್‌ಗಳು ಹೇಳ್ತಾರೆ. ಯಾವ ಸಂಪ್ರದಾಯ ಅಂತ ಕೇಳಿದ್ರೆ ಎಲ್ಲಾನೂ ಒಂದೇ ಗಂಟಲ್ಲಿ ಕಟ್ಟಿ ತೋರಿಸ್ತಾರೆ: ರಾಜ್ಯೋತ್ಸವ, ಅವರೆಕಾಯಿ ರಾತ್ರಿ, ಸೀನಿಯರ್ ಬಂದರೆ ಜೂನಿಯರ್ ಎದ್ದು ನಿಲ್ಲೋದು, ಊಟದ ಹಾಲ್‌ನಲ್ಲಿ ಹೊಸಬರು ಬೆಂಚ್ ಮೇಲೆ ನಿಂತು ಪರಿಚಯ ಹೇಳೋದು. ಭಾನುವಾರ ಮೀಟಿಂಗ್ ಇದೆ, ನಾನು ಮೆಸ್ ಕಮಿಟಿಯಲ್ಲಿದ್ದೀನಿ. ಯಾವುದಕ್ಕೆ ಪಟ್ಟು ಹಿಡೀಬೇಕು, ಯಾವುದನ್ನ ಬಿಟ್ಟುಕೊಡಬೇಕು ಅಂತ ತಿಳೀತಿಲ್ಲ.

ಹಳೇ ಮೆಸ್ ಲೆಕ್ಕ

ತಮ್ಮಾ, ಕಂಟ್ರಾಕ್ಟ್‌ಗೆ ಕೊಡೋ ಮೊದಲು ನಿಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಡಿವೈಡಿಂಗ್ ಲೆಕ್ಕ ನಿಜವಾಗಿ ಗೊತ್ತು, ಕೇಳಿ ನೋಡು. ತೊಂಬತ್ತರ ದಶಕದಲ್ಲಿ ನಾನು ಹಾಸನದಲ್ಲೇ ಹಾಸ್ಟೆಲ್‌ನಲ್ಲಿದ್ದೆ, ಮೆಸ್ ಸೆಕ್ರೆಟರಿ ಆಗಿದ್ದೆ. ಗೊತ್ತಿಲ್ಲದವರಿಗಾಗಿ ಬಿಡಿಸಿ ಹೇಳ್ತೀನಿ.

ತಿಂಗಳ ಮೊದಲನೇ ತಾರೀಖು ಸ್ಟೋರ್ ರೂಮ್‌ನಲ್ಲಿ ಎಷ್ಟು ಅಕ್ಕಿ, ಬೇಳೆ, ಎಣ್ಣೆ ಇದೆ ಅಂತ ತೂಕ ಹಾಕಿ ಅದರ ಬೆಲೆ ಬರ್ಕೋಬೇಕು. ಆ ತಿಂಗಳು ತಂದಿದ್ದನ್ನೆಲ್ಲ ಅದಕ್ಕೆ ಕೂಡಿಸಬೇಕು. ಕೊನೇ ದಿನ ಉಳಿದ ಸಾಮಾನನ್ನ ಮತ್ತೆ ತೂಗಿ ಅದರ ಬೆಲೆ ಕಳೀಬೇಕು. ಭಟ್ಟರ ಸಂಬಳ, ಗ್ಯಾಸು, ಹಾಲು ಸೇರಿಸಿ. ಇದು ಒಟ್ಟು ಖರ್ಚು. ಇನ್ನೊಂದು ಕಡೆ ಹಾಜರಿ ಪುಸ್ತಕದಿಂದ ಎಲ್ಲರೂ ಊಟ ಮಾಡಿದ ದಿನಗಳನ್ನ ಕೂಡಿಸಿ. ಉದಾಹರಣೆಗೆ ಖರ್ಚು 3,60,000 ರೂಪಾಯಿ, ಊಟದ ದಿನ 3,000 ಅಂದ್ಕೊಳ್ಳಿ. ದಿನಕ್ಕೆ 120 ಬಿತ್ತು. 26 ದಿನ ತಿಂದವನು 3,120 ಕಟ್ತಾನೆ, ಊರಿಗೆ ಹೋಗಿ 18 ದಿನ ಮಾತ್ರ ತಿಂದವನು 2,160. ಅಷ್ಟೇ.

ಎಡವೋದೆಲ್ಲ ಉಳಿದ ಸಾಮಾನು ಕಳೆಯೋ ಜಾಗದಲ್ಲಿ. ಜೂನ್‌ನಲ್ಲಿ ಮೂಟೆಗಟ್ಟಲೆ ಅಕ್ಕಿ ತಂದು ಹಾಕಿ, ಕೊನೇ ದಿನ ತೂಗದೇ ಬಿಟ್ರೆ ಆ ತಿಂಗಳ ರೇಟು ಆಕಾಶಕ್ಕೇರುತ್ತೆ. ಜುಲೈನವನು ಆ ಅಕ್ಕೀನೇ ಬೇಯಿಸಿ, ನಾನು ಎಷ್ಟು ಕಡಿಮೆಗೆ ಮೆಸ್ ನಡೆಸ್ದೆ ನೋಡಿ ಅಂತ ಕಾಲರ್ ಎತ್ತಿಕೊಂಡು ಓಡಾಡ್ತಾನೆ. ಜಗಳ ಶುರುವಾಗೋದು ಅಲ್ಲಿಂದ.

ನಮ್ಮಲ್ಲಿ ಸ್ಟೋರ್‌ಗೆ ಎರಡು ಬೀಗ. ಒಂದರ ಕೀಲಿ ಭಟ್ಟರ ಹತ್ತಿರ, ಇನ್ನೊಂದರದು ಆ ವಾರದ ಹುಡುಗನ ಹತ್ತಿರ. ಸಂಜೆ ಇಬ್ಬರೂ ಬಂದು ನಿಂತರೇ ಬಾಗಿಲು ತೆರೆಯೋದು. ಅಕ್ಕಿ ತೂಗಿ, ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ. ಬಿಲ್ಲುಗಳನ್ನೆಲ್ಲ ನೋಟಿಸ್ ಬೋರ್ಡಿಗೆ ಪಿನ್ ಮಾಡಬೇಕು, ತರಕಾರಿ ಚೀಟಿ ಸಮೇತ. ಯಾರು ಬೇಕಾದ್ರೂ ನಿಂತು ಓದಬಹುದಿತ್ತು, ಓದ್ತಲೂ ಇದ್ರು. ಎದುರು ರೂಮಿನವನ ಹೆಸರು ಗೊತ್ತಿಲ್ಲದವನೂ ಈರುಳ್ಳಿ ರೇಟು ಯಾಕೆ ಹೆಚ್ಚಾಯ್ತು ಅಂತ ಅವನ ಹತ್ತಿರ ವಾದಕ್ಕೆ ನಿಲ್ತಿದ್ದ.

ಆಲೂರು ಗುರು

ಲೆಕ್ಕ ಎಲ್ಲಾ ಸರಿ ಅಣ್ಣ, ಆದ್ರೆ ರೇಟು ಕಡಿಮೆ ತೋರಿಸೋ ಚಟಕ್ಕೆ ತಿಂಗಳ ಕೊನೇ ವಾರ ಸಾರಲ್ಲಿ ಬೇಳೆ ಹುಡುಕಬೇಕಾದ್ರೆ ಈಜು ಬರಬೇಕಿತ್ತು. ಅದನ್ನೂ ಬರೀರಿ 😄

ಹಳೇ ಮೆಸ್ ಲೆಕ್ಕ

ಗುರು, ನೀನು ಊಟ ಮಾಡಿದ್ದು ಯಾರ ತಿಂಗಳಲ್ಲೋ ಏನೋ. ನಮ್ಮ ತಿಂಗಳಲ್ಲಿ ಬಸ್ಸಾರು ಗಟ್ಟಿಯಾಗೇ ಇರ್ತಿತ್ತು.

ಮೂಡಿಗೆರೆ ಮಳೆ

ಡಿವೈಡಿಂಗ್ ಮೆಸ್ ಕಥೆ ಕೇಳೋಕೆ ಚಂದ ಮಾರಾಯ್ರೆ. ನಾನೂ ಚಿಕ್ಕಮಗಳೂರಲ್ಲಿ ಅದನ್ನೇ ಉಂಡವನು. ಇನ್ನೊಂದು ಮಗ್ಗುಲನ್ನೂ ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ.

ಯಾರು ಯಾವ ತಿಂಗಳು ಮೆಸ್ ನೋಡ್ಕೋಬೇಕು ಅಂತ ತೀರ್ಮಾನ ಮಾಡ್ತಿದ್ದವರು ಸೀನಿಯರ್‌ಗಳು. ದಸರಾ ರಜೆ ಬರೋ ತಿಂಗಳನ್ನ ತಮಗೆ ಇಟ್ಕೊಂಡು, ಇಂಟರ್ನಲ್ಸ್ ಇರೋ ತಿಂಗಳನ್ನ ಎರಡನೇ ವರ್ಷದವರ ತಲೆಗೆ ಕಟ್ಟೋರು. ನನ್ನ ರೂಮ್‌ಮೇಟ್ ಬೆಳಗ್ಗೆ ಐದಕ್ಕೆ ತರಕಾರಿಗೆ ಹೋಗಿ, ಎಂಟಕ್ಕೆ ಹಾಲಿನ ಲೆಕ್ಕ ಬರೆದು, ಒಂಬತ್ತಕ್ಕೆ ಪರೀಕ್ಷೆಗೆ ಕೂತಿದ್ದ. ಕಿರಾಣಿ ಅಂಗಡಿಯವನ ಹತ್ತಿರ ಕಮಿಷನ್ ತಗೊಂಡು ಬೈಕ್‌ಗೆ ಪೆಟ್ರೋಲ್ ಹಾಕಿಸ್ಕೊಂಡವರೂ ಇದ್ದರು. ಬಿಲ್ಲು ಬೋರ್ಡಿಗೆ ಅಂಟಿಸಿದ್ರೆ ಕಳ್ಳತನ ನಿಲ್ಲಲ್ಲ, ಬಿಲ್ಲನ್ನೇ ಅಂಗಡಿಯವನು ಬೇಕಾದ ಹಾಗೆ ಬರೆದುಕೊಡ್ತಾನೆ.

ಇನ್ನು ಭಾನುವಾರದ ಕೋಳಿ. ನಾನು ಸಸ್ಯಾಹಾರಿ. ನನ್ನ ಭಾಗಕ್ಕೆ ಬರ್ತಿದ್ದದ್ದು ಒಂದು ಬಾಳೆಹಣ್ಣು, ಒಂದು ತುಂಡು ಬೆಲ್ಲದ ಮಿಠಾಯಿ. ದುಡ್ಡು ಮಾತ್ರ ಕೋಳಿ ತಿಂದವನಷ್ಟೇ. ಕೇಳಿದ್ರೆ ಒಗ್ಗಟ್ಟು ಅಂತಿದ್ರು. ಕಂಟ್ರಾಕ್ಟ್ ಅಂದ್ರೆ ಕೆಟ್ಟದ್ದೇ ಆಗಬೇಕಾಗಿಲ್ಲ. ವಾರದ ಮೆನು, ಎಣ್ಣೆ ಯಾವುದು, ಊಟ ಕೆಟ್ಟರೆ ಎಷ್ಟು ದಂಡ ಅಂತ ಕರಾರಿನಲ್ಲೇ ಬರೆಸಿಕೊಳ್ಳಿ. ಓದೋಕೆ ಬಂದವರು ಓದಲಿ.

ಹಳೇ ಮೆಸ್ ಲೆಕ್ಕ

ಕೋಳಿ ವಿಷಯ ನೂರಕ್ಕೆ ನೂರು ಸರಿ. ಅದನ್ನ ಒಟ್ಟು ಖರ್ಚಿನಿಂದ ಹೊರಗಿಟ್ಟು ಟೋಕನ್ ಮಾಡಬೇಕು. ತಿನ್ನೋನು ಶುಕ್ರವಾರವೇ ಹೆಸರು ಬರೆಸ್ತಾನೆ, ಆ ಖರ್ಚು ಅವರೊಳಗೇ ಹಂಚಿಕೆ. ಮೊಟ್ಟೆಗೂ ಹಾಗೇ. ಹಾಗೆ ಮಾಡದ ಹಾಸ್ಟೆಲ್‌ನಲ್ಲಿ ವರ್ಷಾ ವರ್ಷ ಇದೇ ಜಗಳ.

ಗ್ಯಾಸ್ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಹಾಸ್ಟೆಲ್ ಅಡುಗೆಮನೆಗೆ 19 ಕೆ.ಜಿ. ಕಮರ್ಷಿಯಲ್ ಸಿಲಿಂಡರೇ ಹಾಕಬೇಕು. ರೇಟು ಇಳಿಸ್ತೀನಿ ಅಂತ ಯಾರಾದ್ರೂ ಮನೆಯ 14.2 ಕೆ.ಜಿ. ಸಿಲಿಂಡರ್ ತಂದು ಇಟ್ರೆ ಒಪ್ಪಬೇಡಿ, ಅದು ಕಾನೂನಿಗೆ ವಿರುದ್ಧ. ಹುಡುಗರಾದ್ರೂ ಅಷ್ಟೇ, ಕಂಟ್ರಾಕ್ಟರ್ ಆದ್ರೂ ಅಷ್ಟೇ.

ಬೇಲೂರು ಕಡೆಯವಳು

ಇಲ್ಲಿ ಬರೆದವರೆಲ್ಲ ಗಂಡು ಹುಡುಗರು ಅನ್ಸುತ್ತೆ. ನಮ್ಮ ಲೇಡೀಸ್ ಹಾಸ್ಟೆಲ್‌ನಲ್ಲಿ ಡಿವೈಡಿಂಗ್ ಮೆಸ್ ಮಾತೇ ಬರಲಿಲ್ಲ. ಹುಡುಗಿಯರು ಬೆಳಗಿನ ಜಾವ ಕಟ್ಟಿನಕೆರೆ ಮಾರ್ಕೆಟ್‌ಗೆ ಹೇಗೆ ಹೋಗ್ತಾರೆ ಅಂತ ಮೊದಲ ದಿನವೇ ಕಂಟ್ರಾಕ್ಟ್‌ಗೆ ಕೊಟ್ಟಿದ್ರು. ಸಂಜೆ ಗೇಟು ಹಾಕೋ ಹೊತ್ತಿಗೆ ಲೈಬ್ರರಿಯಿಂದ ಓಡಿ ಬರಬೇಕು. ಪಕ್ಕದ ಹುಡುಗರ ಹಾಸ್ಟೆಲ್‌ಗೆ ಗೇಟು ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಯಾಕಂದ್ರೆ ಯಾರೂ ಹಾಕಿದ್ದನ್ನ ನೋಡಿಲ್ಲ.

ಯುಜಿಸಿಯ 2015ರ ನಿಯಮಾವಳಿಯಲ್ಲಿ (ಲೈಂಗಿಕ ಕಿರುಕುಳ ತಡೆಯದು) ವಿದ್ಯಾರ್ಥಿನಿಯರ ಸುರಕ್ಷತೆಯ ನೆಪ ಹೇಳಿ, ಹುಡುಗರಿಗಿಲ್ಲದ ಕಟ್ಟಳೆಗಳನ್ನ ಹುಡುಗಿಯರ ಹಾಸ್ಟೆಲ್ ಮೇಲೆ ಹೇರಬಾರದು ಅಂತ ಸ್ಪಷ್ಟವಾಗಿದೆ. ಪ್ರಿಂಟ್ ತೆಗೆದು ಮೇಡಂ ಟೇಬಲ್ ಮೇಲೆ ಇಟ್ವಿ. ಗೇಟಿನ ಹೊತ್ತು ಬದಲಾಗಲಿಲ್ಲ, ಆದ್ರೆ ಲೈಬ್ರರಿ ರಿಜಿಸ್ಟರ್‌ನಲ್ಲಿ ಸಹಿ ಇದ್ರೆ ತಡವಾಗಿ ಬರಬಹುದು ಅಂತಾಯ್ತು. ಅಷ್ಟು ಸಿಕ್ಕಿತು.

ಮೆಸ್ ಕೈಲಿ ಇಲ್ಲದಿದ್ರೂ ನಾವು ಬಿಡದೇ ಉಳಿಸಿಕೊಂಡಿದ್ದು ಅವರೆಕಾಯಿ ರಾತ್ರಿ. ಡಿಸೆಂಬರ್ ಕೊನೆ, ಸೊಗಡು ಅವರೆ ಬರೋ ಸಮಯ. ಎಲ್ಲರೂ ದುಡ್ಡು ಹಾಕಿ ಮೂಟೆ ತರಿಸೋದು, ಸಂಜೆ ಬಿಡಿಸಿ ಕಾಳು ನೆನೆ ಹಾಕೋದು, ಮಾರನೇ ದಿನ ರಾತ್ರಿ ಊಟದ ಹಾಲ್‌ನಲ್ಲಿ ಚಾಪೆ ಹಾಸಿ ಹಿತುಕೋಕೆ ಕೂರೋದು. ಹೆಬ್ಬೆರಳು ತೋರುಬೆರಳ ಮಧ್ಯ ಇಟ್ಟು ಒತ್ತಿದ್ರೆ ಬೇಳೆ ಸಿಪ್ಪೆಯಿಂದ ಚಿಮ್ಮಿ ಪಾತ್ರೆಗೆ ಬೀಳಬೇಕು. ಹೊಸಬರದ್ದು ಎದುರು ಕೂತವಳ ಕನ್ನಡಕಕ್ಕೆ ಹೋಗಿ ಬೀಳುತ್ತೆ. ಒಂದು ಗಂಟೆ ಆದಮೇಲೆ ಬೆರಳ ತುದಿ ಸುಕ್ಕಾಗಿ ಬಿಳಿಚಿಕೊಳ್ಳುತ್ತೆ, ಉಗುರು ಸಂದಿ ಉರಿ, ಕೈಗೆ ಹತ್ತಿದ ಸೊಗಡು ಎಷ್ಟು ಸೋಪು ಹಾಕಿದ್ರೂ ಎರಡು ದಿನ ಹೋಗಲ್ಲ. ಪಾತ್ರೆ ಮಾತ್ರ ತುಂಬೋದೇ ಇಲ್ಲ! ಮೂಟೆಗಟ್ಟಲೆ ಕಾಯಿಗೆ ಸಿಗೋ ಹಿತುಕಿದ ಬೇಳೆ ನೋಡಿದ್ರೆ ಅಳು ಬರುತ್ತೆ.

ಅಲ್ಲಿ ಫೈನಲ್ ಇಯರ್ ಅಕ್ಕನೂ ಅದೇ ಚಾಪೆ, ಮೊದಲ ವರ್ಷದವಳೂ ಅದೇ ಚಾಪೆ. ಮನೆಯಲ್ಲಿ ಅಜ್ಜಿ ಜೊತೆ ಹಿತುಕಿ ಅಭ್ಯಾಸ ಇರೋ ಹಳ್ಳಿ ಹುಡುಗಿಯರು ಅವತ್ತು ಎಲ್ಲರಿಗೂ ಗುರುಗಳು. ಇಂಗ್ಲಿಷ್ ಬರಲ್ಲ ಅಂತ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂರ್ತಿದ್ದವಳು, "ಹಂಗಲ್ಲ ಕಣೇ, ಕಾಳಿನ ಮೂತಿ ಈ ಕಡೆ ಮಾಡ್ಕೋ" ಅಂತ ಬೆಂಗಳೂರಿನವಳಿಗೆ ಬೈಯ್ತಿದ್ಲು.

ನಿವೃತ್ತ ಮೇಷ್ಟ್ರು

ಮಕ್ಕಳೇ, ನಿಮ್ಮ ಚರ್ಚೆ ಓದಿ ಸಂತೋಷವಾಯಿತು. ಸ್ವಲ್ಪ ಹಿಂದಿನ ಮಾತು ಹೇಳುತ್ತೇನೆ.

ನಮ್ಮ ತಂದೆಯವರು ಓದಿದ್ದು ವಾರಾನ್ನದಲ್ಲಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ವಾರಾನ್ನವಾದರೂ ಎಲ್ಲ ಜಾತಿಯ ಹುಡುಗರಿಗೆ ಸಿಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಆ ಕಾರಣಕ್ಕೇ ಮೈಸೂರು ಸೀಮೆಯಲ್ಲಿ ಒಂದೊಂದು ಸಮುದಾಯದವರೂ ತಮ್ಮ ಹುಡುಗರಿಗೆಂದು ವಿದ್ಯಾರ್ಥಿ ನಿಲಯ ಕಟ್ಟಿಕೊಂಡರು. ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ. ಹಳ್ಳಿಯ ಹುಡುಗರನ್ನು ಪಟ್ಟಣಕ್ಕೆ ತಂದು ಓದಿಸುವುದು ಅಂತಹ ಸಂಘಗಳ ಮೊದಲ ಕೆಲಸಗಳಲ್ಲಿ ಒಂದು. ಮುಂದೆ ದೇವರಾಜ ಅರಸರ ಕಾಲದಲ್ಲಿ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು, 1977ರಲ್ಲಿ ಹಿಂದುಳಿದ ವರ್ಗಗಳಿಗೆಂದೇ ಇಲಾಖೆ ಆಯಿತು. ಇಂದು ತಾಲ್ಲೂಕು ತಾಲ್ಲೂಕಿನಲ್ಲಿ ಕಾಣುವ ಬಿಸಿಎಂ ಹಾಸ್ಟೆಲ್‌ಗಳ ಹಿಂದೆ ಇರುವುದು ಆ ಇಲಾಖೆ.

ಹೀಗಾಗಿ ಯಾರ ಪಕ್ಕ ಕೂತು ಯಾರು ಉಣ್ಣುತ್ತಾರೆ ಎಂಬುದು ನಮ್ಮ ಹಾಸ್ಟೆಲ್‌ಗಳಲ್ಲಿ ಎಂದೂ ಸಣ್ಣ ವಿಷಯವಾಗಿರಲಿಲ್ಲ. ಕಂಟ್ರಾಕ್ಟರ್ ಬಂದರೆ ಊಟ ಬರುತ್ತದೆ. ಆದರೆ ಯಾರು ಬಡಿಸಬೇಕು, ಯಾರು ಕೊನೆಗೆ ಉಣ್ಣಬೇಕು ಎಂಬ ತೀರ್ಮಾನ ಹುಡುಗರ ಕೈ ತಪ್ಪುತ್ತದೆ. ಅದರ ಬಗ್ಗೆ ಮೀಟಿಂಗ್‌ನಲ್ಲಿ ಮಾತಾಡಿ.

ಅರಕಲಗೂಡು ಹೈದ

ಮೇಷ್ಟ್ರು ಹೇಳಿದ್ದು ನಿಜ ಸಾರ್. ನಾನಿದ್ದದ್ದು ಇಲಾಖೆ ಹಾಸ್ಟೆಲ್. ಅಲ್ಲಿ ಒಬ್ಬ ಹುಡುಗನಿಗೆ ಇಷ್ಟು ಅಂತ ಸರ್ಕಾರವೇ ಕೊಡೋದು, ಮೆನು ಗೋಡೆ ಮೇಲೆ ಬರೆದಿರುತ್ತೆ, ಆಹಾರ ಸಮಿತಿ ಅಂತ ನಮ್ಮ ಸಹಿ ಹಾಕಿಸ್ಕೊಂಡು ಹೋಗ್ತಾರೆ. ದುಡ್ಡು ನಮ್ಮ ಕೈಗೆ ಬರಲ್ಲ, ಲೆಕ್ಕವೂ ಬರಲ್ಲ.

ಮೊದಲ ವಾರ ಎಲ್ಲರೂ ತಮ್ಮ ತಮ್ಮ ಊರವರ ಜೊತೆನೇ ಕೂರೋರು, ಊರು ಅಂದ್ರೆ ಏನು ಅಂತ ನಿಮಗೇ ಗೊತ್ತು. ಅಡುಗೆಯವರು ಕಡಿಮೆ ಇದ್ರು, ಬಡಿಸೋಕೆ ನಮ್ಮನ್ನೇ ಹಾಕಿದ್ರು, ರೂಮ್ ನಂಬರ್ ಪ್ರಕಾರ. ಮುದ್ದೆ ತಿರುವೋದು ಅಡುಗೆಯವರದ್ದೇ, ಎರಡು ಕಾಲಲ್ಲಿ ಪಾತ್ರೆ ಒತ್ತಿ ಹಿಡಿದು ಕೋಲು ಹಾಕೋರು. ಬಿಸಿ ಹಿಟ್ಟನ್ನ ಕೈ ನೆನೆಸಿಕೊಂಡು ಉಂಡೆ ಮಾಡೋದು, ಪಂಕ್ತಿಗೆ ಹಾಕೋದು ನಾವು. ಬಡಿಸಿದವರು ಕೊನೆಗೆ ಒಂದೇ ಬೆಂಚಲ್ಲಿ ಕೂತು ಉಳಿದಿದ್ದನ್ನ ಹಂಚಿಕೊಂಡು ತಿನ್ನಬೇಕು. ರೂಮ್ ನಂಬರ್‌ಗೆ ಊರು ಜಾತಿ ಗೊತ್ತಿಲ್ವಲ್ಲ. ಎರಡನೇ ಸೆಮಿಸ್ಟರ್ ಹೊತ್ತಿಗೆ ಕೂರೋ ಜಾಗ ಎಲ್ಲಾ ಕಲಸಿ ಹೋಗಿತ್ತು. ಎಲ್ಲರೂ ಬದಲಾದ್ರು ಅಂತ ಹೇಳಲ್ಲ, ಇಬ್ಬರು ಮೂವರು ಕೊನೇವರೆಗೂ ತಟ್ಟೆ ರೂಮಿಗೆ ತಗೊಂಡು ಹೋಗ್ತಿದ್ರು.

ಜ್ವರ ಬಂದವನಿಗೆ ಗಂಜಿ ತಗೊಂಡು ಹೋಗೋದೂ ಬಡಿಸೋ ತಂಡದ್ದೇ ಕೆಲಸ. ಕಂಟ್ರಾಕ್ಟ್‌ಗೆ ಹೋದ್ರೆ ಇದನ್ನ ಯಾರು ಮಾಡ್ತಾರೆ? ಕರಾರಿನಲ್ಲಿ ಬರೆಸೋಕೆ ಆಗುತ್ತಾ?

ಹಾಸ್ಟೆಲ್ ಸಿಗದವರ ಬಗ್ಗೆ ಯಾರೂ ಮಾತಾಡಲಿಲ್ಲ. ಅಂಥವರ ಊಟ, ವಸತಿಗೆ ಸರ್ಕಾರ ಕೊಡೋ ವಿದ್ಯಾಸಿರಿ ಶುರುವಾದಾಗ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳು ಕೊಡ್ತಿದ್ರು. ನನ್ನ ತಮ್ಮ ಅದರಲ್ಲಿ ರೂಮ್ ಮಾಡ್ಕೊಂಡು ಓದಿದ. ಮಧ್ಯಾಹ್ನ ಹೋಟೆಲ್ ಚಿತ್ರಾನ್ನ, ರಾತ್ರಿ ಅವನೇ ಬೇಯಿಸಿದ ಅನ್ನ. ಕೋರ್ಸ್ ಮುಗಿದಾಗ ಅವನಿಗೆ ಕ್ಲಾಸಿನವರು ಬಿಟ್ರೆ ಹಾಸನದಲ್ಲಿ ಯಾರೂ ಗೊತ್ತಿರಲಿಲ್ಲ.

ಹೊಸ ಬ್ಯಾಚ್

ನಾನು ಜೂನಿಯರ್. ಈ ಹಾಸ್ಟೆಲ್‌ನವನೇ ಇರಬಹುದು, ಇಲ್ಲದೇ ಇರಬಹುದು.

ಎದ್ದು ನಿಲ್ಲೋದು, ಬೆಂಚ್ ಹತ್ತಿ ಪರಿಚಯ ಹೇಳೋದನ್ನ ಸಂಪ್ರದಾಯ ಅಂತ ಕರೆಯೋದು ಅವರಿಗೆ ಸುಲಭ. ಬೆಂಚ್ ಮೇಲೆ ನಿಂತಾಗ ಮೊದಲು ಕೇಳೋದು ಊರು, ಆಮೇಲೆ ಅಪ್ಪನ ಹೆಸರು, ಆಮೇಲೆ "ಪೂರ್ತಿ ಹೆಸರು ಹೇಳೋ". ಜಾತಿ ತಿಳ್ಕೊಳ್ಳೋಕೆ ಕೇಳ್ತಾರೆ ಅನ್ನೋದು ಮೇಲೆ ಬರೆದವರ ಮಾತಲ್ಲೇ ಗೊತ್ತಾಗುತ್ತೆ. ಹಾಡು ಬರಲ್ಲ ಅಂದ್ರೆ ನಗೋದು. ಊಟ ತಣ್ಣಗಾಗಿರುತ್ತೆ. ಯುಜಿಸಿ 2009ರ ನಿಯಮದಲ್ಲಿ ಇದೂ ರ‍್ಯಾಗಿಂಗೇ. ಅಡ್ಮಿಷನ್ ಆಗುವಾಗ ನಾನು, ನಮ್ಮಪ್ಪ ಇಬ್ಬರೂ ಮುಚ್ಚಳಿಕೆಗೆ ಸಹಿ ಹಾಕಿದ್ವಿ, ಅವರೂ ಹಾಕಿರ್ತಾರೆ. 1800-180-5522 ನಂಬರ್ ನಮ್ಮ ಬ್ಲಾಕ್ ಗೋಡೆ ಮೇಲೇ ಇದೆ.

ಆದ್ರೆ ಅದೇ ನಿಯಮದ ಪ್ರಕಾರ ನಮ್ಮನ್ನ ಬೇರೆ ಬ್ಲಾಕ್‌ನಲ್ಲಿ ಇಟ್ಟಿದ್ದಾರೆ. ಸೀನಿಯರ್‌ಗಳು ಯಾರು ಅಂತ ಗೊತ್ತಾಗೋದೇ ಊಟದ ಹಾಲ್‌ನಲ್ಲಿ. ನನಗೆ ಹೆಸರು ಹಿಡಿದು ಮಾತಾಡಿಸೋಷ್ಟು ಗೊತ್ತಿರೋ ಸೀನಿಯರ್ ಒಬ್ಬರೇ, ತರಕಾರಿ ತರೋಕೆ ಜೊತೆಗೆ ಕರ್ಕೊಂಡು ಹೋದ ಅಣ್ಣ. ಆಟೋದಲ್ಲಿ ಎಲೆಕೋಸಿನ ಮೂಟೆ ಮೇಲೆ ಕೂತ್ಕೊಂಡು ಬಂದ್ವಿ, ಯಾವ ಮೇಷ್ಟ್ರ ನೋಟ್ಸ್ ಓದಬೇಕು ಅಂತ ದಾರಿಯಲ್ಲೇ ಹೇಳಿಕೊಟ್ರು. ಪೂರ್ತಿ ಹೆಸರು ಕೇಳಲಿಲ್ಲ.

ಆಲೂರು ಗುರು

ತಮಾಷೆ ಬಿಟ್ಟು ಹೇಳ್ತೀನಿ. ಈ ಹುಡುಗ ಬರೆದಿದ್ದನ್ನ ಮೀಟಿಂಗ್‌ನಲ್ಲಿ ಓದಿ.

ಮೂಡಿಗೆರೆ ಮಳೆ

ಓದಿ, ಸರಿ. ಜೊತೆಗೆ ನನ್ನ ಕೋಳಿ ಪ್ರಕರಣವನ್ನೂ ಓದಿ. ಮೆಸ್ ತಿಂಗಳು ಚೀಟಿ ಎತ್ತಿ ಹಂಚಬೇಕು, ಪರೀಕ್ಷೆ ತಿಂಗಳಲ್ಲಿ ಇಬ್ಬರ ಬದಲು ನಾಲ್ವರು ಇರಬೇಕು ಅಂತ ಬರೆದಿಡಿ. ಇಷ್ಟಾದ್ರೆ ನನ್ನ ವಿರೋಧ ಅರ್ಧ ಕಡಿಮೆ. ಪೂರ್ತಿ ಅಲ್ಲ.

ಬೇಲೂರು ಕಡೆಯವಳು

ಹಾಸನಾಂಬೆ ಸಮಯದ ಅತಿಥಿಗಳ ಲೆಕ್ಕ ಏನು ಮಾಡ್ತೀರಿ? ಆಶ್ವಯುಜ ಹುಣ್ಣಿಮೆ ಆದ ಮೊದಲ ಗುರುವಾರ ಗುಡಿ ಬಾಗಿಲು ತೆಗೆದ್ರೆ ಬಲಿಪಾಡ್ಯಮಿ ಮುಗಿಯೋವರೆಗೂ ಊರಿಗೆ ಊರೇ ತುಂಬಿರುತ್ತೆ. ನಮ್ಮ ಹಾಸ್ಟೆಲ್‌ಗೆ ಚಿಕ್ಕಮ್ಮ, ಅತ್ತೆ, ಪಕ್ಕದ ಮನೆಯವರು, ಅವರ ಮಕ್ಕಳು ಎಲ್ಲರೂ ಬಂದು ಕಾಲು ತೊಳ್ಕೊಂಡು ಹೋಗ್ತಿದ್ರು. ಇಡೀ ಹಾಸ್ಟೆಲ್ ರಾತ್ರಿ ಹೊತ್ತು ಕ್ಯೂ ಎಲ್ಲಿವರೆಗೂ ಬಂದಿದೆ ಅಂತ ಅವರಿಗೆ ಫೋನ್‌ನಲ್ಲಿ ವರದಿ ಒಪ್ಪಿಸ್ತಿತ್ತು.

ಹಳೇ ಮೆಸ್ ಲೆಕ್ಕ

ಗೆಸ್ಟ್ ಊಟಕ್ಕೆ ಟೋಕನ್, ದಿನದ ರೇಟಿಗಿಂತ ಸ್ವಲ್ಪ ಜಾಸ್ತಿ. ಆ ದುಡ್ಡು ಮೆಸ್ ಖಾತೆಗೆ ಬಂದು ಒಟ್ಟು ಖರ್ಚಿನಲ್ಲಿ ಕಳೀಬೇಕು. ನಮ್ಮ ಕಾಲದಲ್ಲಿ ಹಾಸನಾಂಬೆ ತಿಂಗಳು ರೇಟು ಇಳೀತಿತ್ತು, ದೇವಿ ದಯೆ ಅಂತಿದ್ವಿ.

ಹೇಮಾವತಿ ದಂಡೆ

ಮೀಟಿಂಗ್ ಆಯ್ತು. ಗಲಾಟೆಯೂ ಆಯ್ತು, ಒಂದು ಕುರ್ಚಿ ಮುರೀತು, ಅದರ ದುಡ್ಡು ಯಾವ ಖಾತೆಗೆ ಅಂತ ಇನ್ನೂ ತೀರ್ಮಾನ ಆಗಿಲ್ಲ.

ಕಂಟ್ರಾಕ್ಟ್ ಬೇಕು ಅಂದವರು ಕಡಿಮೆ ಏನಿರಲಿಲ್ಲ. ಮೂಡಿಗೆರೆ ಅವರು ಹೇಳಿದ ಚೀಟಿ ಪದ್ಧತಿ, ಕೋಳಿ ಟೋಕನ್ ಎರಡನ್ನೂ ಒಪ್ಪಿಕೊಂಡ ಮೇಲೆ ಕೆಲವರು ಈ ಕಡೆ ಬಂದ್ರು. ಕೊನೆಗೆ ಒಂದು ಸೆಮಿಸ್ಟರ್ ಡಿವೈಡಿಂಗೇ ಇರಲಿ, ಆಮೇಲೆ ಮತ್ತೆ ಕೂರೋಣ ಅಂತಾಯ್ತು. ಆಫೀಸಿನವರು ಪ್ರತಿ ತಿಂಗಳು ಲೆಕ್ಕದ ಪುಸ್ತಕ ನೋಡ್ತೀವಿ ಅಂದ್ರು, ಒಳ್ಳೇದೇ. ಸ್ಟೋರ್‌ಗೆ ಎರಡು ಬೀಗ ಬಂತು. ಬಡಿಸೋ ಸರದಿ ಅರಕಲಗೂಡು ಅಣ್ಣ ಹೇಳಿದ ಹಾಗೆ ರೂಮ್ ನಂಬರ್ ಮೇಲೆ, ಎರಡೂ ಬ್ಲಾಕ್ ಸೇರಿಸಿ.

ಬೆಂಚ್ ಹತ್ತಿಸೋದು ನಿಲ್ತು. ಹೊಸ ಬ್ಯಾಚ್ ಹುಡುಗನ ಮಾತನ್ನ ಹೆಸರು ಹೇಳದೇ ಓದಿದೆ. ಇಬ್ಬರು ಸೀನಿಯರ್‌ಗಳು ಎದ್ದು ಹೊರಗೆ ಹೋದ್ರು, ಊಟದ ಹೊತ್ತಿಗೆ ವಾಪಸ್ ಬಂದ್ರು.

ಮೊದಲ ಚೀಟಿಯಲ್ಲಿ ನನ್ನ ಹೆಸರೇ ಬಂದಿದೆ 🙏 ಈ ವಾರ ಮಾರ್ಕೆಟ್‌ಗೆ ನಾನು, ಜೊತೆಗೆ ಮೊದಲ ವರ್ಷದ ಇಬ್ಬರು. ತರಕಾರಿ ನೋಡಿ ತಗೊಳ್ಳೋದು ಮೂವರಿಗೂ ಗೊತ್ತಿಲ್ಲ. ಏನಾದ್ರೂ ಹೇಳ್ಕೊಡಿ.

ಹಳೇ ಮೆಸ್ ಲೆಕ್ಕ

ಟೊಮೇಟೊ ಕ್ರೇಟ್ ಲೆಕ್ಕದಲ್ಲಿ ತಗೋ, ಆದ್ರೆ ಕೆಳಗಿನ ಪದರ ಸುರಿದು ನೋಡದೇ ದುಡ್ಡು ಕೊಡಬೇಡ. ಆಲೂಗಡ್ಡೆ ಹಸಿರು ಬಣ್ಣಕ್ಕೆ ತಿರುಗಿದ್ರೆ, ಮೊಳಕೆ ಬಂದಿದ್ರೆ ಬೇಡ. ಹಾಸನದಲ್ಲಿ ಕೂತು ಕೆಟ್ಟ ಆಲೂಗಡ್ಡೆ ತಂದ್ರೆ ಭಟ್ಟರು ನಗ್ತಾರೆ. ಸೊಪ್ಪು ಕೊನೆಗೆ ತಗೊಂಡು ಮೂಟೆಗಳ ಮೇಲೆ ಇಡು. ಚೀಟಿ ಇಲ್ಲದೇ ಬರಬೇಡ.

ಆಲೂರು ಗುರು

ಆಟೋದವನ ಹತ್ತಿರ ಮೊದಲೇ ಬಾಡಿಗೆ ಮಾತಾಡ್ಕೋ ಮಗಾ. ಮೂಟೆ ಹತ್ತಿಸಿದ ಮೇಲೆ ಮಾತಾಡಿದ್ರೆ ಅವನು ಹೇಳಿದ್ದೇ ರೇಟು.